ಶೇ. 12 ಕ್ರೋಮಿಯಂ ಇದ್ದರೂ ಅಲಗು ತುಕ್ಕು ಹಿಡಿಯುವುದೇಕೆ?

ಪ್ರಶ್ನೆ: ನನ್ನ ಬಳಿ ಎರಡು ಮಡಿಸುವ ಚಾಕುಗಳಿವೆ. ಒಂದರ ಅಲಗು ಡಿ2 ಉಕ್ಕಿನದು, ಇನ್ನೊಂದರದು 12ಸಿ27. ಮೊದಲನೆಯದರಲ್ಲಿ ಶೇ. 12ರಷ್ಟು ಕ್ರೋಮಿಯಂ ಇದೆ, ಎರಡನೆಯದರಲ್ಲಿ ಶೇ. 13.5. ಎರಡನ್ನೂ ಒಂದೇ ರೀತಿಯಲ್ಲಿ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತೇನೆ. ಆದರೆ ಒಂದೇ ಬೇಸಿಗೆಯಲ್ಲಿ ಡಿ2 ಅಲಗಿನ ಮೇಲೆ ಕಂದು ಚುಕ್ಕೆಗಳು ಮೂಡಿದವು, ಉಜ್ಜಿ ತೆಗೆದರೆ ಅಡಿಯಲ್ಲಿ ಸಣ್ಣ ಕುಳಿಗಳು ಉಳಿದವು. 12ಸಿ27 ಅಲಗು ಹೊಸದರಂತೆಯೇ ಇದೆ. ಇಷ್ಟು ಕಡಿಮೆ ವ್ಯತ್ಯಾಸಕ್ಕೆ ಇಷ್ಟು ಅಂತರವೇಕೆ? ಸಮುದ್ರದಲ್ಲಿ ಮೀನು ಹಿಡಿಯಲು ಹೋಗುವಾಗ ಒಯ್ಯಲೆಂದು ಮೂರನೆಯ ಚಾಕು ಕೊಳ್ಳಬೇಕೆಂದಿದ್ದೇನೆ. ಕ್ರೋಮಿಯಂ ಪ್ರಮಾಣ ನೋಡಿ ಆರಿಸಿದರೆ ಸಾಕೇ?

ಉತ್ತರ: ಸಾಲದು. ನಿಮ್ಮ ಎರಡು ಚಾಕುಗಳೇ ಅದಕ್ಕೆ ಸಾಕ್ಷಿ. ಉಕ್ಕಿನ ವಿವರಪಟ್ಟಿಯಲ್ಲಿ ಅಚ್ಚಾಗಿರುವ ಕ್ರೋಮಿಯಂ ಪ್ರಮಾಣವು ಆ ಉಕ್ಕಿನೊಳಗೆ ಒಟ್ಟು ಎಷ್ಟು ಕ್ರೋಮಿಯಂ ಇದೆ ಎಂಬುದನ್ನು ಮಾತ್ರ ಹೇಳುತ್ತದೆ. ಅದರಲ್ಲಿ ಎಷ್ಟು ಪಾಲು ತುಕ್ಕನ್ನು ತಡೆಯಲು ಬಿಡುವಾಗಿದೆ ಎಂಬುದನ್ನು ಹೇಳುವುದಿಲ್ಲ. ತುಕ್ಕು ನಿರೋಧದ ವಿಷಯದಲ್ಲಿ ಲೆಕ್ಕಕ್ಕೆ ಬರುವುದು ಈ ಬಿಡುವಾಗಿರುವ ಪಾಲು ಮಾತ್ರ.

ಸ್ಟೇನ್‌ಲೆಸ್ ಉಕ್ಕು ತುಕ್ಕು ಹಿಡಿಯದಿರುವುದಕ್ಕೆ ಕಾರಣ ಅದರ ಮೇಲ್ಮೈಯಲ್ಲಿ ತಾನಾಗಿಯೇ ಬೆಳೆಯುವ ಕ್ರೋಮಿಯಂ ಆಕ್ಸೈಡಿನ ಪದರ. ಕೆಲವೇ ನ್ಯಾನೋಮೀಟರ್ ದಪ್ಪದ ಈ ಪದರ ಕಣ್ಣಿಗೆ ಕಾಣುವುದಿಲ್ಲ. ಗೀಚಿದರೆ ಹರಿಯುತ್ತದೆ, ಆದರೆ ಗಾಳಿಯ ಆಮ್ಲಜನಕ ತಗುಲಿದೊಡನೆ ಮತ್ತೆ ಕೂಡಿಕೊಳ್ಳುತ್ತದೆ. ಸಾಣೆ ಹಿಡಿದ ಮೇಲೂ ಸ್ಟೇನ್‌ಲೆಸ್ ಅಲಗಿನ ಬಾಯಿ ಸ್ಟೇನ್‌ಲೆಸ್ ಆಗಿಯೇ ಉಳಿಯುವುದು ಇದರಿಂದ. ಪದರ ಬಿರುಕಿಲ್ಲದೆ ಹರಡಿಕೊಳ್ಳಬೇಕಾದರೆ ಉಕ್ಕಿನ ಮೂಲ ಲೋಹದಲ್ಲಿ ಕರಗಿರುವ ಕ್ರೋಮಿಯಂ ಸರಿಸುಮಾರು ಶೇ. 10.5 ದಾಟಿರಬೇಕು. ಅದಕ್ಕಿಂತ ಕಡಿಮೆಯಾದಂತೆ ಪದರ ತೇಪೆ ಹಚ್ಚಿದ ಬಟ್ಟೆಯಂತಾಗಿ, ನೀರು ಮತ್ತು ಉಪ್ಪು ಆ ತೇಪೆಗಳ ನಡುವೆ ದಾರಿ ಕಂಡುಕೊಳ್ಳುತ್ತವೆ.

ಇಲ್ಲಿ ‘ಕರಗಿರುವ’ ಎಂಬ ಮಾತು ಮುಖ್ಯ. ಚಾಕುವಿನ ಅಲಗು ಗಟ್ಟಿಯಾಗಬೇಕಾದರೆ ಇಂಗಾಲ ಬೇಕು, ಆದರೆ ಇಂಗಾಲಕ್ಕೆ ಕ್ರೋಮಿಯಂ ಎಂದರೆ ತೀರದ ಸೆಳೆತ. ಕರಗಿದ ಉಕ್ಕು ಹೆಪ್ಪುಗಟ್ಟುವಾಗಲೂ ಅದನ್ನು ಕಾಯಿಸಿ ತಣಿಸಿ ಹದ ಮಾಡುವಾಗಲೂ ಇವೆರಡೂ ಕೂಡಿ ಕ್ರೋಮಿಯಂ ಕಾರ್ಬೈಡ್ ಎಂಬ ಬಹಳ ಗಟ್ಟಿಯಾದ ಹರಳುಗಳಾಗುತ್ತವೆ. ಈ ಹರಳುಗಳು ಅಲಗು ಬೇಗ ಸವೆಯದಂತೆ ನೋಡಿಕೊಳ್ಳುತ್ತವೆ, ಆದ್ದರಿಂದ ಉಪಕಾರಿಗಳೇ. ಆದರೆ ಹರಳಿನೊಳಗೆ ಸೇರಿದ ಕ್ರೋಮಿಯಂ ಸುತ್ತಲಿನ ಲೋಹದ ಪಾಲಿಗೆ ಇಲ್ಲವಾದಂತೆ. ಇದು ಎಷ್ಟು ದುಬಾರಿ ವ್ಯವಹಾರ ಎಂಬುದನ್ನು ಪರಮಾಣು ತೂಕಗಳಿಂದಲೇ ಲೆಕ್ಕ ಹಾಕಬಹುದು: 7 ಕ್ರೋಮಿಯಂ ಪರಮಾಣುಗಳು 3 ಇಂಗಾಲದ ಪರಮಾಣುಗಳೊಡನೆ ಕೂಡುವ ಶುದ್ಧ ಕಾರ್ಬೈಡಿನಲ್ಲಿ ಒಂದು ತೂಕ ಇಂಗಾಲವು ಸುಮಾರು ಹತ್ತು ತೂಕ ಕ್ರೋಮಿಯಂ ಅನ್ನು ಹಿಡಿದಿಟ್ಟಿರುತ್ತದೆ. ನಿಜವಾದ ಉಕ್ಕಿನಲ್ಲಿ ಕಬ್ಬಿಣವೂ ಆ ಹರಳುಗಳಲ್ಲಿ ಪಾಲು ಪಡೆಯುವುದರಿಂದ ನಷ್ಟ ಅಷ್ಟು ದೊಡ್ಡದಾಗುವುದಿಲ್ಲವಾದರೂ ಸಣ್ಣದಂತೂ ಅಲ್ಲ.

ಈಗ ನಿಮ್ಮ ಚಾಕುಗಳಿಗೆ ಬರೋಣ. ಡಿ2ರಲ್ಲಿ ಇಂಗಾಲ ಸುಮಾರು ಶೇ. 1.5 ಇದೆ, 12ಸಿ27ರಲ್ಲಿ ಶೇ. 0.6 ಮಾತ್ರ. ಹದ ಮಾಡಿದ ಡಿ2 ಅಲಗಿನಲ್ಲಿ ಶೇ. 12ರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಕ್ರೋಮಿಯಂ ದೊಡ್ಡ ದೊಡ್ಡ ಕಾರ್ಬೈಡುಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಮೂಲ ಲೋಹಕ್ಕೆ ಉಳಿಯುವುದು ಶೇ. 6ರ ಆಸುಪಾಸು. ಅಂದರೆ ಪದರ ಪೂರ್ತಿಯಾಗಲು ಬೇಕಾದುದರ ಸುಮಾರು ಅರ್ಧ. 12ಸಿ27ರಲ್ಲಾದರೋ ಇಂಗಾಲವೇ ಕಡಿಮೆ, ಕಾರ್ಬೈಡುಗಳೂ ಕಡಿಮೆ ಮತ್ತು ಸಣ್ಣವು, ಹೀಗಾಗಿ ಕ್ರೋಮಿಯಂನ ಬಹುಪಾಲು ಕರಗಿದ ಸ್ಥಿತಿಯಲ್ಲೇ ಇರುತ್ತದೆ. ವಿವರಪಟ್ಟಿಯಲ್ಲಿ ಒಂದೂವರೆ ಅಂಶದಷ್ಟು ಕಂಡ ವ್ಯತ್ಯಾಸ ಅಲಗಿನ ಮೈಮೇಲೆ ಎರಡು ಪಟ್ಟು ಆಗಿಬಿಡುವುದು ಹೀಗೆ.

ಇಂಗಾಲದ ಪ್ರಭಾವವನ್ನು ಬೇರೆ ಯಾವ ಅಂಶವೂ ಅಡ್ಡ ಬರದಂತೆ ನೋಡಬೇಕಾದರೆ 440 ಸರಣಿಯ ಹಳೆಯ ಉಕ್ಕುಗಳನ್ನು ಗಮನಿಸಬೇಕು. 440ಎ, 440ಬಿ, 440ಸಿ ಮೂರರಲ್ಲೂ ಕ್ರೋಮಿಯಂ ಶೇ. 16ರಿಂದ 18. ಇಂಗಾಲ ಮಾತ್ರ ಎ ಇಂದ ಸಿ ಕಡೆಗೆ ಏರುತ್ತಾ ಹೋಗುತ್ತದೆ: 440ಎಯಲ್ಲಿ ಅದು ಶೇ. 0.60ರಿಂದ 0.75, 440ಸಿಯಲ್ಲಿ ಶೇ. 0.95ರಿಂದ 1.20. ಬಾಯಿ ಹೆಚ್ಚು ಕಾಲ ಉಳಿಯುವುದು 440ಸಿಯಲ್ಲಿ. ತುಕ್ಕನ್ನು ಹೆಚ್ಚು ತಡೆಯುವುದು 440ಎ. ಹ್ಯಾರಿ ಬ್ರಿಯರ್ಲಿ ಎಂಬ ಲೋಹತಜ್ಞರು 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಕರಗಿಸಿದ ಉಕ್ಕಿನಲ್ಲಿ ಕ್ರೋಮಿಯಂ ಶೇ. 12.8 ಇತ್ತು, ಅಂದರೆ ನಿಮ್ಮ ಡಿ2ಕ್ಕಿಂತ ತುಸು ಹೆಚ್ಚು ಅಷ್ಟೆ. ಅದು ಸ್ಟೇನ್‌ಲೆಸ್ ಎನಿಸಿಕೊಂಡದ್ದು ಅದರ ಇಂಗಾಲ ಶೇ. 0.24ರಷ್ಟು ಮಾತ್ರ ಇದ್ದುದರಿಂದ. ಜೇಬುಚಾಕುಗಳ ಪೈಕಿ ಬಹುಶಃ ಎಲ್ಲರಿಗೂ ಪರಿಚಿತವಾದ ಸ್ವಿಸ್ ಕೆಂಪು ಚಾಕುವಿನ ತಯಾರಕರು 1921ರಲ್ಲಿ ಸ್ಥಾಪಕರ ತಾಯಿ ವಿಕ್ಟೋರಿಯಾ ಅವರ ಹೆಸರಿಗೆ ತುಕ್ಕು ಹಿಡಿಯದ ಉಕ್ಕನ್ನು ಸೂಚಿಸುವ ‘ಇನಾಕ್ಸ್’ ಎಂಬ ಪದ ಸೇರಿಸಿ ವಿಕ್ಟೋರಿನಾಕ್ಸ್ ಎಂದು ಹೆಸರಿಟ್ಟುಕೊಂಡರು. ಅವರ ಅಲಗುಗಳು ಇಂದಿಗೂ ಶೇ. 0.5ರ ಆಸುಪಾಸಿನ ಇಂಗಾಲ ಮತ್ತು ಶೇ. 15ರ ಆಸುಪಾಸಿನ ಕ್ರೋಮಿಯಂ ಇರುವ ಉಕ್ಕಿನವು. ಅವುಗಳ ಬಾಯಿ ಬೇಗ ಮೊಂಡಾಗುತ್ತದೆಂದು ದೂರುವವರು ಬಹಳ ಮಂದಿ ಇದ್ದಾರೆ, ತುಕ್ಕು ಹಿಡಿಯಿತೆಂದು ದೂರುವವರನ್ನು ನಾನು ಕಂಡದ್ದು ವಿರಳ.

ಹಾಗಾದರೆ ಬಾಯಿ ಬಾಳಬೇಕೆಂದರೆ ತುಕ್ಕನ್ನು ಸಹಿಸಿಕೊಳ್ಳಲೇಬೇಕೇ ಎಂದು ನೀವು ಕೇಳಬಹುದು. ಬಹಳ ಕಾಲ ಹಾಗೆಯೇ ಇತ್ತು. ಕಳೆದ ಕೆಲವು ದಶಕಗಳಲ್ಲಿ ಉಕ್ಕು ತಯಾರಕರು ಮೂರು ದಾರಿಗಳನ್ನು ಹಿಡಿದಿದ್ದಾರೆ.

ಮೊದಲನೆಯದು, ಇಂಗಾಲ ಹೆಚ್ಚಿದ್ದರೆ ಕ್ರೋಮಿಯಂ ಅನ್ನೂ ಧಾರಾಳವಾಗಿ ಸುರಿಯುವುದು. ಎಂ390 ಉಕ್ಕಿನಲ್ಲಿ ಇಂಗಾಲ ಶೇ. 1.9, ಕ್ರೋಮಿಯಂ ಶೇ. 20. ಸಿಪಿಎಂ 20ಸಿವಿ ಮತ್ತು ಸಿಟಿಎಸ್ 204ಪಿ ಎಂಬವು ಹೆಚ್ಚುಕಡಿಮೆ ಅದೇ ಉಕ್ಕಿನ ಬೇರೆ ಹೆಸರುಗಳು. ಇವು ಜೇಬಿನಲ್ಲಿ ಚೆನ್ನಾಗಿ ಬಾಳುತ್ತವೆ. ಆದರೆ ಶೇ. 20 ಎಂಬ ಅಂಕಿಯನ್ನು ನೋಡಿ ಇದು ಶೇ. 15ರ ಉಕ್ಕುಗಳನ್ನೆಲ್ಲ ಮೀರಿಸುತ್ತದೆ ಎಂದು ಭಾವಿಸಬಾರದು, ಆ ಕ್ರೋಮಿಯಂನ ದೊಡ್ಡ ಪಾಲು ಕಾರ್ಬೈಡುಗಳ ವಶದಲ್ಲೇ ಇರುತ್ತದೆ.

ಎರಡನೆಯದು, ಇಂಗಾಲಕ್ಕೆ ಕ್ರೋಮಿಯಂಗಿಂತ ಹೆಚ್ಚು ಪ್ರಿಯವಾದ ಬೇರೊಂದು ಲೋಹವನ್ನು ಒದಗಿಸುವುದು. ವನೇಡಿಯಂ ಮತ್ತು ನಯೋಬಿಯಂ ಅಂಥವು. 2001ರಲ್ಲಿ ಬಂದ ಸಿಪಿಎಂ ಎಸ್30ವಿ ಉಕ್ಕಿನಲ್ಲಿ ಶೇ. 14 ಕ್ರೋಮಿಯಂ ಜೊತೆಗೆ ಶೇ. 4 ವನೇಡಿಯಂ ಇದೆ. ಇಂಗಾಲದ ಒಂದು ಪಾಲನ್ನು ವನೇಡಿಯಂ ಸೆಳೆದುಕೊಳ್ಳುವುದರಿಂದ ಕ್ರೋಮಿಯಂ ಅಷ್ಟರಮಟ್ಟಿಗೆ ಉಳಿಯುತ್ತದೆ. ಈ ದಾರಿಯ ತುದಿಯಲ್ಲಿ ನಿಲ್ಲುವುದು ಲ್ಯಾರಿನ್ ಥಾಮಸ್ ಎಂಬ ಲೋಹವಿಜ್ಞಾನಿ ರೂಪಿಸಿ 2021ರಲ್ಲಿ ಹೊರಬಂದ ಸಿಪಿಎಂ ಮ್ಯಾಗ್ನಾಕಟ್. ಅದರ ಕ್ರೋಮಿಯಂ ಶೇ. 10.7 ಮಾತ್ರ, ನಿಮ್ಮ ಡಿ2ಕ್ಕಿಂತಲೂ ಕಡಿಮೆ. ಆದರೆ ಇಂಗಾಲ, ವನೇಡಿಯಂ, ನಯೋಬಿಯಂಗಳ ಪ್ರಮಾಣವನ್ನು ಎಷ್ಟು ಲೆಕ್ಕ ಹಾಕಿ ಹೊಂದಿಸಿದ್ದಾರೆಂದರೆ, ಸರಿಯಾಗಿ ಹದ ಮಾಡಿದ ಅಲಗಿನಲ್ಲಿ ಕ್ರೋಮಿಯಂ ಕಾರ್ಬೈಡ್ ಉಳಿಯುವುದೇ ಇಲ್ಲ. ಇರುವ ಕ್ರೋಮಿಯಂ ಎಲ್ಲವೂ ಮೂಲ ಲೋಹದಲ್ಲಿ ಕರಗಿರುತ್ತದೆ. ಶೇ. 12ರ ಡಿ2 ಬೆವರಿಗೆ ಸೋಲುವಲ್ಲಿ ಶೇ. 10.7ರ ಮ್ಯಾಗ್ನಾಕಟ್ ಉಪ್ಪುನೀರಿಗೂ ಜಗ್ಗದೆ ನಿಲ್ಲುತ್ತದೆ. ವಿವರಪಟ್ಟಿಯ ಕ್ರೋಮಿಯಂ ಅಂಕಿಯನ್ನು ಒಂಟಿಯಾಗಿ ನಂಬಬಾರದು ಎಂಬುದಕ್ಕೆ ಈ ಜೋಡಿಗಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ.

ಮೂರನೆಯ ದಾರಿ ಇಂಗಾಲವನ್ನೇ ಕಡಿಮೆ ಮಾಡಿ ಅದರ ಕೆಲಸವನ್ನು ಸಾರಜನಕಕ್ಕೆ ವಹಿಸುವುದು. ಸಾರಜನಕವೂ ಉಕ್ಕನ್ನು ಗಟ್ಟಿ ಮಾಡುತ್ತದೆ, ಮತ್ತು ಕರಗಿದ ಸ್ಥಿತಿಯಲ್ಲಿದ್ದಾಗ ಅದೇ ಕುಳಿ ಬೀಳುವುದನ್ನು ಬಲವಾಗಿ ತಡೆಯುತ್ತದೆ. ನಿಮ್ಮ 12ಸಿ27ರ ಹತ್ತಿರದ ಬಂಧುವಾದ 14ಸಿ28ಎನ್ ಉಕ್ಕಿನಲ್ಲಿ ಶೇ. 0.11ರಷ್ಟು ಸಾರಜನಕ ಸೇರಿಸಿ, ಕ್ರೋಮಿಯಂ ಅನ್ನು ಶೇ. 14ಕ್ಕೆ ಏರಿಸಿದ್ದಾರೆ. ಎಲ್‌ಸಿ200ಎನ್ ಇನ್ನೂ ಮುಂದೆ ಹೋಗಿ ಇಂಗಾಲವನ್ನು ಶೇ. 0.3ಕ್ಕೆ ಇಳಿಸಿ ಸಾರಜನಕವನ್ನು ಶೇ. 0.4ಕ್ಕೆ ಏರಿಸುತ್ತದೆ; ಇದು ಮೊದಲು ವಿಮಾನ ಮತ್ತು ಬಾಹ್ಯಾಕಾಶ ಯಂತ್ರಗಳ ಬೇರಿಂಗುಗಳಿಗಾಗಿ ಬೆಳೆದ ಜಾತಿಯ ಉಕ್ಕು. ವನಾಕ್ಸ್ ಎಂಬ ಉಕ್ಕಿನಲ್ಲಿ ಇಂಗಾಲ ಶೇ. 0.36 ಇದ್ದರೆ ಸಾರಜನಕ ಶೇ. 1.55. ಇವುಗಳ ಪಕ್ಕದಲ್ಲೇ, ಆದರೆ ಬೇರೆಯೇ ತತ್ತ್ವದ ಮೇಲೆ ನಿಂತಿರುವುದು ಜಪಾನಿನ ಎಚ್1: ಇಂಗಾಲ ಶೇ. 0.15ಕ್ಕೆ ಮೀರದ, ನಿಕ್ಕೆಲ್ ಬೆರೆಸಿದ ಈ ಉಕ್ಕು ಕಾಯಿಸಿ ತಣಿಸುವುದರಿಂದಲ್ಲ, ಒತ್ತಿ ಉರುಳಿಸುವುದರಿಂದ ಗಟ್ಟಿಯಾಗುತ್ತದೆ. ಸಮುದ್ರದ ನೀರಿನಲ್ಲಿ ಅದ್ದಿಟ್ಟರೂ ಅದು ಸುಲಭಕ್ಕೆ ತುಕ್ಕು ಹಿಡಿಯುವುದಿಲ್ಲ. ಅದರ ನೇರ ಬಾಯಿ ಮಾತ್ರ ಬೇಗ ಮೊಂಡಾಗುತ್ತದೆ.

ಉಕ್ಕುಗಳನ್ನು ಹೋಲಿಸಲು ಕೆಲವರು ಒಂದು ಸೂತ್ರವನ್ನು ಬಳಸುವುದನ್ನು ನೀವು ನೋಡಿರಬಹುದು: ಕ್ರೋಮಿಯಂನ ಶೇಕಡಾವಾರಿಗೆ ಮಾಲಿಬ್ಡಿನಂನ 3.3 ಪಟ್ಟನ್ನೂ ಸಾರಜನಕದ 16 ಪಟ್ಟನ್ನೂ ಕೂಡಿಸಿದರೆ ಕುಳಿ ತುಕ್ಕಿನ ನಿರೋಧ ಸೂಚ್ಯಂಕ ಸಿಗುತ್ತದೆ. ಕಾರ್ಬೈಡುಗಳ ತೊಡಕಿಲ್ಲದ, ಕೊಳವೆ ಮತ್ತು ತೊಟ್ಟಿಗಳಿಗೆ ಬಳಸುವ ಉಕ್ಕುಗಳಿಗೆ ಅದು ಒಳ್ಳೆಯ ಸೂತ್ರ. ಚಾಕು ಉಕ್ಕಿನ ವಿವರಪಟ್ಟಿಗೆ ಅದನ್ನು ನೇರವಾಗಿ ಹಚ್ಚಿದರೆ ಶೇ. 0.8 ಮಾಲಿಬ್ಡಿನಂ ಇರುವ ಡಿ2ಕ್ಕೆ 14.6 ಬರುತ್ತದೆ, 12ಸಿ27ಕ್ಕೆ 13.5. ಅಂದರೆ ಸೂತ್ರದ ಪ್ರಕಾರ ತುಕ್ಕು ಹಿಡಿಯಬೇಕಾದದ್ದು ನಿಮ್ಮ ಇನ್ನೊಂದು ಚಾಕು. ಈ ಸೂತ್ರದಿಂದ ತಯಾರಿಸಿದ ಪಟ್ಟಿ ಎಲ್ಲಿಯಾದರೂ ಕಂಡರೆ ಅದನ್ನು ಬದಿಗಿಡಿ.

ಇದುವರೆಗೆ ಹೇಳಿದ್ದು ಉಕ್ಕಿನ ಜಾತಕದ ಮಾತು. ಅದೇ ಉಕ್ಕಿನ ಎರಡು ಚಾಕುಗಳು ಬೇರೆ ಬೇರೆಯಾಗಿ ನಡೆದುಕೊಳ್ಳುವುದೂ ಉಂಟು, ಮತ್ತು ಅದಕ್ಕೆ ಹೆಚ್ಚಾಗಿ ಕಾರಣ ಹದ ಮಾಡುವ ಕ್ರಮ. ಅಲಗನ್ನು ಸಾಕಷ್ಟು ಬಿಸಿಗೆ ಏರಿಸದಿದ್ದರೆ ಕಾರ್ಬೈಡುಗಳು ಬೇಕಾದಷ್ಟು ಕರಗದೆ ಕ್ರೋಮಿಯಂ ಅಲ್ಲೇ ಉಳಿಯುತ್ತದೆ. ತಣಿಸುವುದು ನಿಧಾನವಾದರೆ ಕರಗಿದ್ದ ಕ್ರೋಮಿಯಂ ಮೂಲ ಲೋಹದ ಕಣಗಳ ಅಂಚುಗಳಲ್ಲಿ ಮತ್ತೆ ಕಾರ್ಬೈಡಾಗಿ ಕೂರುತ್ತದೆ. ತಣಿಸಿದ ಮೇಲೆ ಮತ್ತೆ ಕಾಯಿಸುವ ಟೆಂಪರಿಂಗ್ ಹಂತದ ಬಗ್ಗೆ ನಾನು ವಿಶೇಷವಾಗಿ ಎಚ್ಚರಿಸಬೇಕು: 200 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಮಾಡಿದರೆ ತುಕ್ಕು ನಿರೋಧ ಉಳಿಯುತ್ತದೆ, 500 ಡಿಗ್ರಿಯ ಸುತ್ತಮುತ್ತ ಮಾಡಿದರೆ ಅತಿ ಸಣ್ಣ ಕ್ರೋಮಿಯಂ ಕಾರ್ಬೈಡುಗಳು ಲೋಹದ ಉದ್ದಗಲಕ್ಕೂ ಮೂಡಿ ನಿರೋಧವನ್ನು ಗಮನಾರ್ಹವಾಗಿ ಕುಗ್ಗಿಸುತ್ತವೆ. ಅಲಗಿನ ಗಡಸುತನ ಎರಡೂ ಕ್ರಮಗಳಲ್ಲಿ ಒಂದೇ ಬರಬಹುದು, ಆದ್ದರಿಂದ ಗಡಸುತನದ ಅಂಕಿಯಿಂದ ಇದು ಗೊತ್ತಾಗುವುದಿಲ್ಲ. ಅಲಗಿಗೆ ಬಿಸಿಯಲ್ಲಿ ಲೇಪನ ಕೂರಿಸಬೇಕಾದಾಗ ಎರಡನೆಯ ಕ್ರಮವನ್ನು ಆರಿಸುವುದುಂಟು. ಕೊಳ್ಳುವ ಮುನ್ನ ತಯಾರಕರನ್ನು ಒಂದೇ ಒಂದು ಪ್ರಶ್ನೆ ಕೇಳಲು ಅವಕಾಶವಿದ್ದರೆ ಟೆಂಪರಿಂಗ್ ಉಷ್ಣಾಂಶವನ್ನೇ ಕೇಳಿ. ಉತ್ತರಿಸುವ ತಯಾರಕರು ತಮ್ಮ ಕೆಲಸವನ್ನು ಬಲ್ಲವರು.

ಹದದ ನಂತರ ಮೇಲ್ಮೈ. ಮರಳು ಅಥವಾ ಮಣಿ ಸಿಡಿಸಿ ಮಂಕಾಗಿಸಿದ ಅಲಗಿನ ಮೇಲೆ ಲೆಕ್ಕವಿಲ್ಲದಷ್ಟು ಸಣ್ಣ ತಗ್ಗುಗಳಿರುತ್ತವೆ, ಅವುಗಳಲ್ಲಿ ಬೆವರು ನಿಲ್ಲುತ್ತದೆ. ಒರೆಸಿದರೂ ಪೂರ್ತಿ ಹೋಗುವುದಿಲ್ಲ. ನಯವಾಗಿ ಹೊಳಪು ಕೊಟ್ಟ ಅಲಗು ಅದೇ ಉಕ್ಕಿನದಾದರೂ ಸ್ಪಷ್ಟವಾಗಿ ಹೆಚ್ಚು ಬಾಳುತ್ತದೆ. ನಿಮ್ಮ ಡಿ2 ಅಲಗು ಮಂಕು ಮೇಲ್ಮೈಯದಾಗಿದ್ದರೆ ಅದರ ಪಾಡು ಇನ್ನಷ್ಟು ಬೇಗ ಅರ್ಥವಾಗುತ್ತದೆ. ಕಪ್ಪು ಲೇಪನಗಳು ಅಲಗಿನ ಪಕ್ಕೆಗಳನ್ನು ಕಾಯುತ್ತವೆ, ಸಾಣೆ ಹಿಡಿದ ಬಾಯಿಯನ್ನು ಕಾಯುವುದಿಲ್ಲ. ಯಂತ್ರದ ಪಟ್ಟಿಯ ಮೇಲೆ ಸಾಣೆ ಹಿಡಿಯುವಾಗ ಬಾಯಿ ಬಿಸಿಯಾಗಿ ಹೊಂಬಣ್ಣಕ್ಕೋ ನೀಲಿಗೋ ತಿರುಗಿದರೆ ಅಲ್ಲಿ ತುಕ್ಕು ನಿರೋಧವೂ ಕೆಟ್ಟಿದೆ ಎಂದು ತಿಳಿಯಬೇಕು.

ತುಕ್ಕು ಅಂದ ಕೆಡಿಸುವುದಕ್ಕಿಂತ ಹೆಚ್ಚಾಗಿ ಹರಿತ ಕೆಡಿಸುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಚೆನ್ನಾಗಿ ಸಾಣೆ ಹಿಡಿದ ಬಾಯಿಯ ತುದಿ ಒಂದು ಮೈಕ್ರಾನಿಗಿಂತ ತೆಳುವಾಗಿರಬಲ್ಲದು. ಅಲಗಿನ ಪಕ್ಕೆಯಲ್ಲಿ ಕಣ್ಣಿಗೂ ಕಾಣದಷ್ಟು ಸವೆತ ಆ ತುದಿಯನ್ನು ಮೊಂಡು ಮಾಡಲು ಸಾಕು. ಹುಳಿ ಹಣ್ಣು ಕತ್ತರಿಸಿ ಒರೆಸದೆ ಮಡಿಸಿಟ್ಟ ಚಾಕು ಮರುದಿನ ಹಿಂದಿನಷ್ಟು ಹರಿತವಾಗಿ ಕಾಣದಿದ್ದರೆ, ಕತ್ತರಿಸಿದ್ದರಿಂದ ಸವೆದಿರುವುದಕ್ಕಿಂತ ಆಮ್ಲ ತಿಂದಿರುವುದೇ ಹೆಚ್ಚಿರಬಹುದು.

ಕ್ರೋಮಿಯಂ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇರುವ 1095, ಓ1, ಶೇ. 1.5 ಕ್ರೋಮಿಯಂ ಇರುವ 52100, ಶೇ. 4 ಇರುವ ಸಿಪಿಎಂ ಎಂ4 ಇವೆಲ್ಲ ತುಕ್ಕು ಹಿಡಿಯುವ ಉಕ್ಕುಗಳೇ. ಅವುಗಳ ವಿಷಯದಲ್ಲಿ ಯಾರಿಗೂ ಭ್ರಮೆ ಇರುವುದಿಲ್ಲ. ಬಳಸುವವರು ಒರೆಸುತ್ತಾರೆ, ಎಣ್ಣೆ ಹಚ್ಚುತ್ತಾರೆ, ಅಲಗು ಬೂದು ನೀಲಿ ಬಣ್ಣಕ್ಕೆ ತಿರುಗಿ ಆ ಬಣ್ಣವೇ ಕೆಂಪು ತುಕ್ಕನ್ನು ಒಂದಿಷ್ಟು ತಡೆಯುತ್ತದೆ. ಡಿ2 ಅವೆಲ್ಲಕ್ಕಿಂತ ನಿಧಾನವಾಗಿ ತುಕ್ಕು ಹಿಡಿಯುವ ಉಕ್ಕು. ಆದರೂ ನಾನು ಕಂಡ ಡಿ2 ಚಾಕುಗಳಲ್ಲಿ ಆಳವಾದ ಕುಳಿಗಳು ಹೆಚ್ಚು, ಏಕೆಂದರೆ ಅದನ್ನು ಸ್ಟೇನ್‌ಲೆಸ್ ಎಂದು ನಂಬಿ ಒದ್ದೆಯಾಗಿಯೇ ಮಡಿಸಿಡುತ್ತಾರೆ. ‘ಅರೆ ಸ್ಟೇನ್‌ಲೆಸ್’ ಎಂಬ ಮಾತಿನಲ್ಲಿ ಜನ ಎರಡನೆಯ ಪದವನ್ನಷ್ಟೇ ಕೇಳಿಸಿಕೊಳ್ಳುತ್ತಾರೆ.

ಇನ್ನು ನಿಮ್ಮ ಮೂರನೆಯ ಚಾಕು. ಸಮುದ್ರದ ನೀರಿನಲ್ಲಿ ಸುಮಾರು ಶೇ. 3.5 ಲವಣವಿರುತ್ತದೆ. ಅದರ ಕ್ಲೋರೈಡ್ ಅಯಾನುಗಳು ಆಕ್ಸೈಡ್ ಪದರವನ್ನು ಎಲ್ಲೋ ಒಂದು ದುರ್ಬಲ ಬಿಂದುವಿನಲ್ಲಿ ಭೇದಿಸಿ ಅಲ್ಲೇ ಆಳಕ್ಕೆ ಇಳಿಯುತ್ತವೆ. ಕುಳಿ ಬೀಳುವುದು ಹೀಗೆ. ಆದ್ದರಿಂದ ದೋಣಿಯ ಮೇಲಿನ ಕೆಲಸಕ್ಕೆ ಜೇಬಿನಲ್ಲಿ ಸಾಕೆನಿಸುವ ಮಟ್ಟ ಸಾಕಾಗುವುದಿಲ್ಲ. ದಿನಗಟ್ಟಲೆ ತೊಳೆಯಲು ಆಗುವುದೇ ಇಲ್ಲ ಎಂಬ ಪರಿಸ್ಥಿತಿಯಿದ್ದರೆ ಎಲ್‌ಸಿ200ಎನ್, ವನಾಕ್ಸ್ ಅಥವಾ ಎಚ್1 ಪೈಕಿ ಒಂದನ್ನು ಆರಿಸಿ. ಹಗ್ಗ ಕತ್ತರಿಸುವುದೇ ಮುಖ್ಯವಾಗಿದ್ದರೆ ಗರಗಸದಂತಹ ಹಲ್ಲುಬಾಯಿಯ ಎಚ್1 ಚೆನ್ನಾಗಿ ನಡೆಯುತ್ತದೆ. ಸಂಜೆ ಸಿಹಿನೀರಿನಲ್ಲಿ ತೊಳೆಯುವ ಅಭ್ಯಾಸ ನಿಮಗಿದ್ದರೆ ಮ್ಯಾಗ್ನಾಕಟ್ ಉತ್ತಮ, ಅದರ ಬಾಯಿ ಎಲ್‌ಸಿ200ಎನ್ ಮತ್ತು ಎಚ್1ಗಳಿಗಿಂತ ಬಹಳ ಹೆಚ್ಚು ಕಾಲ ಬಾಳುತ್ತದೆ. 14ಸಿ28ಎನ್ ಕೂಡ ತೊಳೆಯುವವರ ಕೈಯಲ್ಲಿ ನಿರಾಶೆ ಮಾಡುವುದಿಲ್ಲ. ಎಂ390, ಎಸ್30ವಿ, 440ಸಿ, 154ಸಿಎಂ ಇವು ನೆಲದ ಮೇಲಿನ ದಿನಬಳಕೆಗೆ ಒಳ್ಳೆಯವು, ಉಪ್ಪುನೀರಿಗೆ ನಾನು ಸೂಚಿಸುವುದಿಲ್ಲ. ಡಿ2 ಅನ್ನು ದೋಣಿಗೆ ಒಯ್ಯಲೇಬೇಡಿ.

ಅಲಗನ್ನು ಆರಿಸಿ ಉಳಿದದ್ದನ್ನು ಮರೆಯಬೇಡಿ. ಮಡಿಸುವ ಚಾಕುವಿನ ಕೀಲಿನೊಳಗೆ ನೀರು ನುಗ್ಗುತ್ತದೆ, ಗಾಳಿ ನುಗ್ಗುವುದಿಲ್ಲ. ಆಮ್ಲಜನಕ ಇಲ್ಲದ ಆ ಸಂದಿಯಲ್ಲಿ ಪದರ ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳಲಾರದು, ಹೀಗಾಗಿ ಒಳ್ಳೆಯ ಸ್ಟೇನ್‌ಲೆಸ್ ಕೂಡ ಅಲ್ಲಿ ಮೊದಲು ಕೆಡುತ್ತದೆ. ತಿರುಪುಗಳು, ಜೇಬಿಗೆ ಸಿಕ್ಕಿಸುವ ಕ್ಲಿಪ್ಪು, ಹಿಡಿಯ ಒಳಗಿನ ತಗಡುಗಳು ಎಷ್ಟೋ ಸಲ ಅಲಗಿಗಿಂತ ಕೀಳು ಉಕ್ಕಿನವಾಗಿರುತ್ತವೆ, ಅವುಗಳ ತುಕ್ಕು ಹರಿದು ಬಂದು ಅಲಗಿನ ಮೇಲೆ ಕಂದು ಕಲೆಯಾಗಿ ಕೂರುತ್ತದೆ. ಕಲೆಯನ್ನು ಒರೆಸಿದಾಗ ಅಡಿಯಲ್ಲಿ ಲೋಹ ನಯವಾಗಿದ್ದರೆ ಆ ತುಕ್ಕು ಅಲಗಿನದಲ್ಲ. ಸಾಧಾರಣ ಉಕ್ಕಿನ ನಾರಿನಿಂದ ಸ್ಟೇನ್‌ಲೆಸ್ ಅಲಗನ್ನು ಉಜ್ಜಿದರೂ ಇದೇ ಆಗುತ್ತದೆ, ನಾರಿನ ಚೂರುಗಳು ಮೇಲ್ಮೈಯಲ್ಲಿ ಹುದುಗಿ ತುಕ್ಕು ಹಿಡಿಯುತ್ತವೆ.

ಈಗಿರುವ ಡಿ2 ಅಲಗನ್ನು ಎಸೆಯಬೇಕಾಗಿಲ್ಲ. ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಬೂಚಿನ ತುಂಡಿನಿಂದ ಉಜ್ಜಿ, ಸಾಲದಿದ್ದರೆ ಲೋಹದ ಪಾಲಿಷ್ ಬಳಸಿ. ಸಿಟ್ರಿಕ್ ಆಮ್ಲದಲ್ಲಿ ಅದ್ದಿಡುವ ಕ್ರಮ ನಿಜವಾದ ಸ್ಟೇನ್‌ಲೆಸ್ ಉಕ್ಕಿಗೆ ಒಳ್ಳೆಯದು, ಡಿ2ಕ್ಕೆ ಬೇಡ, ಅದು ಲೋಹವನ್ನೇ ತಿನ್ನುತ್ತದೆ. ಕುಳಿಯ ತಳದಲ್ಲಿ ಉಪ್ಪು ಉಳಿದಿದ್ದರೆ ತುಕ್ಕು ಅಲ್ಲಿಂದಲೇ ಮರುಕಳಿಸುವುದರಿಂದ, ಉಜ್ಜಿದ ಮೇಲೆ ಬಿಸಿ ಸಿಹಿನೀರಿನಲ್ಲಿ ಒಂದೆರಡು ಸಲ ತೊಳೆದು, ಅಲಗನ್ನು ಬಿಡಿಸಿಟ್ಟು ಕೀಲಿನವರೆಗೂ ಒಣಗಿಸಿ, ತೆಳ್ಳಗೆ ಖನಿಜ ಎಣ್ಣೆ ಸವರಿ. ಬಹಳ ದಿನ ಬಳಸುವುದಿಲ್ಲವೆಂದಾದರೆ ತೊಗಲಿನ ಚೀಲದಲ್ಲಿ ಇಡಬೇಡಿ. ತೊಗಲು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ತೊಳೆದು ಎಣ್ಣೆ ಹಚ್ಚಿದ ಮೇಲೂ ಅದೇ ಕುಳಿಗಳಲ್ಲಿ ವಾರದೊಳಗೆ ಮತ್ತೆ ಕಂದು ಕಂಡರೆ ತುಕ್ಕು ಪೂರ್ತಿ ಹೋಗಿಲ್ಲವೆಂದೇ ಅರ್ಥ. ಆಗ ಬಹಳ ನಯವಾದ ಉಜ್ಜುಕಾಗದವನ್ನು ಎಣ್ಣೆಯಲ್ಲಿ ಅದ್ದಿ, ಕುಳಿಗಳ ತಳ ಹೊಳೆಯುವವರೆಗೆ ಅಲಗಿನ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಉಜ್ಜಿ.